ಎರಿಹೊಲದ ಮಂದಿ ಸಮುದ್ರ ಉಳಿಸಿದ್ದು

ಸಮುದ್ರ ಎಷ್ಟು ದೂರ ಇರತೈತೋ ಅಷ್ಟು ಅದರ ಕಾರಭಾರ ಹೆಚ್ಚು ಅನ್ನೂದು ನನ್ನ ಅನುಭವ. ದಂಡಿ ಮ್ಯಾಲ ಇರೋರಿಗೆ ಅದು ದಿನಾ ಕಾಣತೈತಿ, ಸುಮ್ನ ಇರತಾರ. ನಾ ಇರೋದು ನವಲಗುಂದ ಕಡಿ ಒಂದು ಹಳ್ಳ್ಯಾಗ. ಕಣ್ಣು ಹಾಯಿಸಿದಷ್ಟೂ ಕರಿ ಮಣ್ಣಿನ ಎರಿಹೊಲ, ಕಡ್ಲಿ, ಗೋದಿ, ನಡುವ ಒಂದು ಸಾಲಿ, ಸಾಲ್ಯಾಗ ನಾನು, ವಿಜ್ಞಾನದ ಅಕ್ಕೋರು. ನಮ್ಮ ಪುಸ್ತಕದಾಗ ಸಮುದ್ರಜೀವಿಗಳ ಸಂರಕ್ಷಣೆ ಅಂತ ಒಂದು ಪಾಠ ಐತಿ. ಆ ಪಾಠ ಬಂದಾಗೊಮ್ಮೆ ಊರಾಗ ಏನರ ಒಂದು ಭಾನಗಡಿ ಆಗದ ಬಿಟ್ಟಿಲ್ಲ.

ನನಗ ಸಿಟ್ಟು ಲಗೂನ ಬರತೈತಿ. ಆದ್ರ ಸಿಟ್ಟು ಮಾಡೋದು ಯಾರ ಮ್ಯಾಲ? ಸಮುದ್ರ ನೋಡದ ಹುಡುಗರಿಗೆ ಸಮುದ್ರ ಉಳಸ್ರಿ ಅನ್ನೋದು, ಮದಿಮಗನ ಮಾರಿ ತೋರಿಸದ ಅಕ್ಕಿಕಾಳ ಹಾಕ್ರಿ ಅಂದಂಗ. ಅದಕ್ಕ ನಂದೊಂದ ಹಟ ಇತ್ತು: ಎಂಟನೇತ್ತಿ, ಅಂದ್ರ ಎಂಟನೇ ಕ್ಲಾಸ್, ಮುಗಿಯೂದ್ರಾಗ ಈ ಹುಡುಗರ ಕಾಲಿಗೆ ಒಮ್ಮೆ ಸಮುದ್ರದ ನೀರು ತಾಗಬೇಕು. ನಮ್ಮ ಸಾಲಿ ಎಂಟನೇತ್ತಿಗೇ ಮುಗೀತೈತಿ. ಆಮ್ಯಾಲ ಯಾರು ಎಲ್ಲೋ. ಅದ್ರಾಗೂ ಹೆಣ್ಣುಹುಡುಗ್ಯಾರನ್ನ ಯಾರು ಸಮುದ್ರಕ್ಕ ಕರಕೊಂಡು ಹೋಗ್ತಾರ, ಹೇಳ್ರಿ?

ತಿಮಿಂಗಿಲದ ಬಾಲ

"ಅಕ್ಕೋರ, ನೀಲಿ ತಿಮಿಂಗಿಲ ಎಷ್ಟು ಉದ್ದ ಇರತೈತ್ರಿ?" ಅಂತ ಒಬ್ಬಾಕಿ ಕೇಳಿದ್ಲು. ಬಾಯಿಲೆ ಹೇಳಿದ್ರ ತಿಳಿಯಾಂಗಿಲ್ಲ ಅಂತ ಸುಣ್ಣದ ಪುಡಿ ತಗೊಂಡು ಮೈದಾನದಾಗ ತಿಮಿಂಗಿಲ ಬರದೇ ಬಿಟ್ಟೆ. ತಲಿ ಧ್ವಜದ ಕಟ್ಟಿ ಹತ್ತರ ಶುರು ಆತು. ಹೊಟ್ಟಿ ಬಿಸಿಯೂಟದ ಕೋಲಿತನಕ ಬಂತು. ಬಾಲಕ್ಕ ಜಾಗಾ ಸಾಲಲಿಲ್ಲ. ಗೇಟ್ ತಗದು ರೋಡಿನ ಮ್ಯಾಲ ಬರಕೋತ ಹೋದೆ. ಬಾಲದ ತುದಿ ಎದುರಿನ ಕಿರಾಣಿ ಅಂಗಡಿ ಕಟ್ಟಿ ಮ್ಯಾಲ ಹತ್ತಿ ಕುಂತಿತು.

ನಮ್ಮೂರಾಗ ರೋಡಿನ ಮ್ಯಾಲ ಸುಣ್ಣದ ಗೆರಿ ಬಿತ್ತಂದ್ರ ಒಂದ ಅರ್ಥ: ರೋಡ್ ಅಗಲ ಮಾಡ್ತಾರ, ಗೆರಿ ಒಳಗ ಬಂದಿದ್ದು ಕೆಡವತಾರ. ಅಂಗಡಿ ಕಾಕಾ ಊಟಾ ಮಾಡಿದ ಕೈ ತೊಳಿಯದ ಓಡಿ ಬಂದ್ರು. ಕಾಕಾ ಅಂದ್ರ ಬರೇ ಅಂಗಡಿಯವ್ರಲ್ಲ, ನಮ್ಮ ಸಾಲಿ ಕಮಿಟಿ ಅಧ್ಯಕ್ಷರೂ ಅವ್ರ.

"ಅಕ್ಕೋರ, ಏನ್ರಿ ಇದು? ನನಗೊಂದ ನೋಟಿಸ್ ಇಲ್ಲ, ಏನಿಲ್ಲ!"

"ಕಾಕಾ, ಗಾಬರಿ ಆಗಬ್ಯಾಡ್ರಿ. ಇದು ತಿಮಿಂಗಿಲದ ಬಾಲ."

"ಅದು ಯಾವ ಇಲಾಖೆಗೆ ಬರತೈತ್ರಿ?"

"ಯಾವ ಇಲಾಖೆಗೂ ಇಲ್ಲರಿ. ಸಮುದ್ರದಾಗ ಇರತೈತಿ."

ಕಾಕಾ ಗೆರಿ ನೋಡಿದ್ರು, ಅಂಗಡಿ ನೋಡಿದ್ರು, ಆಮ್ಯಾಲ ಎರಡೂ ಕೈ ಮುಗದ್ರು. "ಅಕ್ಕೋರ, ನಿಮ್ಮ ಮಾತು ಸಾಹೇಬ್ರು ಕೇಳತಾರ. ಬಾಲ ಒಂದಿಷ್ಟು ಬಾಜೂ ಮನಿಯವರ ಕಡಿ ತಿರುವ್ರಿ."

ಎಮ್ಮಿ ಮತ್ತ ಆಮಿ

ನೀರಾಗ ತೇಲೂ ಪ್ಲಾಸ್ಟಿಕ್ ಚೀಲ ಸಮುದ್ರದ ಆಮಿಗಳಿಗೆ ಅವು ತಿನ್ನೂ ಲೋಳೆಮೀನ ಕಂಡಂಗ ಕಾಣತೈತಿ, ಅದನ್ನ ತಿಂದು ಸಾಯ್ತಾವ ಅಂತ ಪಾಠ ಮಾಡಾಕ ಹತ್ತಿದ್ದೆ. ಹುಡುಗರ ಮಾರಿ ಸಣ್ಣ ಆಗಿತ್ತು. ಹಿಂದಿನ ಸಾಲಿನ್ಯಾಗ ಒಬ್ಬಾಂವ ಕೈ ಎತ್ತಿದ.

"ಅಕ್ಕೋರ, ನಮ್ಮ ಎಮ್ಮಿನೂ ಚೀಲ ತಿಂತೈತ್ರಿ."

"ಅದಕ್ಕ ನೋಡಪಾ ಒಗಿಬಾರದು ಅನ್ನೂದು."

"ಅಲ್ರಿ, ನಮ್ಮ ಎಮ್ಮಿ ಲೋಳೆಮೀನ ಎಲ್ಲಿ ನೋಡೈತ್ರಿ?"

ಇಡೀ ಕ್ಲಾಸ್ ನಕ್ಕಿತು. ನಾ ಟೇಬಲ್ ಬಡದು ಸುಮ್ಮ ಕುಂಡರಿಸಿದೆ, ಯಾಕಂದ್ರ ಎಮ್ಮಿ ಮನಸಿನ್ಯಾಗ ಏನೈತಿ ಅನ್ನೂದು ನನ್ನ ಪುಸ್ತಕದಾಗ ಇರಲಿಲ್ಲ.

ಆಮ್ಯಾಲ ನಕಾಶೆ ತೂಗಹಾಕಿ ತೋರಿಸಿದೆ. ನಮ್ಮೂರ ಹಳ್ಳ ಬೆಣ್ಣಿಹಳ್ಳ ಸೇರತೈತಿ, ಬೆಣ್ಣಿಹಳ್ಳ ಮಲಪ್ರಭಾ ಸೇರತೈತಿ, ಮಲಪ್ರಭಾ ಕೃಷ್ಣಾ ಸೇರತೈತಿ, ಕೃಷ್ಣಾ ಹೋಗಿ ಬಂಗಾಳ ಉಪಸಾಗರ ಸೇರತೈತಿ. ನಾವು ಹಳ್ಳಕ್ಕ ಒಗದಿದ್ದು ಒಂದಿಲ್ಲೊಂದ ದಿನ ಸಮುದ್ರಕ್ಕ ಹೋಗಾಕಬೇಕು. ಹುಡುಗ್ರು ಹುರುಪಿನಿಂದ ಮನಿ ಮನಿಗೆ ಹೋಗಿ, "ಹಳ್ಳಕ್ಕ ಪ್ಲಾಸ್ಟಿಕ್ ಒಗಿಬ್ಯಾಡ್ರಿ, ಆಮಿ ಸಾಯ್ತಾವ" ಅಂತ ಹೇಳಿ ಬಂದ್ರು.

ಎಂಟು ದಿನ ಬಿಟ್ಟು ಹಳ್ಳದ ಕಡಿ ಹೋಗಿ ನೋಡ್ತೇನಿ, ದಂಡಿ ಅಗದಿ ಸ್ವಚ್ಛ! ನನಗ ಆದ ಸಂತೋಷ ಕೇಳಬ್ಯಾಡ್ರಿ. ದಾರ್ಯಾಗ ಸಿಕ್ಕ ಒಬ್ಬ ಅಕ್ಕಗ, "ಭಾಳ ಚೊಲೊ ಕೆಲಸಾ ಮಾಡೀರಿ ನೋಡ್ರಿ" ಅಂದೆ.

"ಹೌದ್ರಿ ಅಕ್ಕೋರ, ನಿಮ್ಮ ಮಾತು ಮೀರ್ತೇವೇನ್ರಿ? ಹಳ್ಳಕ್ಕ ಒಗಿಯೂದು ಬಿಟ್ಟೇವಿ. ಈಗ ಎಲ್ಲಾರೂ ಸಾಲಿ ಹಿಂದ ಒಗೀತೇವಿ."

ನೀರು ಯಾವಾಗ ಬಿಡತಾರ?

ಇನ್ನ ಪಾಠದಿಂದ ಆಗೋ ಮಾತಲ್ಲ, ತೋರಿಸೇಬೇಕು ಅಂತ ಕಮಿಟಿ ಮೀಟಿಂಗಿನ್ಯಾಗ ಎದ್ದು ನಿಂತೆ. "ಈ ಸಲ ಟ್ರಿಪ್ ಸಮುದ್ರಕ್ಕ ಹೋಗೂಣು" ಅಂದೆ. ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು.

ಹಿರ್ಯಾರೊಬ್ಬರು ಭಾಳ ವಿಚಾರ ಮಾಡಿ ಕೇಳಿದ್ರು: "ಸಮುದ್ರಕ್ಕ ನೀರು ಯಾವಾಗ ಬಿಡತಾರ್ರಿ?"

ಅವರದೇನ ತಪ್ಪು? ನಮ್ಮ ಮಂದಿಗೆ ನೀರಂದ್ರ ಕೆನಾಲು. ಮ್ಯಾಲ ಗೇಟ್ ತಗದ್ರ ನೀರು, ಮುಚ್ಚಿದ್ರ ಅದ್ರಾಗ ಹುಡುಗ್ರು ಕ್ರಿಕೆಟ್ ಆಡ್ತಾರ.

"ಸಮುದ್ರಕ್ಕ ಯಾರೂ ಬಿಡಾಂಗಿಲ್ಲರಿ. ಅದು ಯಾವಾಗ್ಲೂ ಇರತೈತಿ."

"ಬಂದ್ ಮಾಡೂ ದಿನ ಇರತೈತೆಲ್ಲರಿ? ಆವಾಗ ಕರಕೊಂಡು ಹೋಗ್ರಿ. ಹುಡುಗ್ರು ಕೆಳಗ ಇಳದು ಆರಾಮ ನೋಡಿ ಬರತಾವ."

ಕಾಕಾ ಮಾತ್ರ ಖಡಾಖಂಡಿತ ಹೇಳಿದ್ರು. "ಬ್ಯಾಡ್ರಿ ಅಕ್ಕೋರ. ನೀರಂದ್ರ ನೀರು. ಹಡದವ್ರಿಗೆ ಯಾರು ಉತ್ತರಾ ಕೊಡಬೇಕು?"

ನನ್ನ ಕಣ್ಣಾಗ ನೀರ ಬಂದಿದ್ವು. ಅಷ್ಟರಾಗ ಬಾಗಲದಾಗ ಕುಂತಿದ್ದ ಆಯಿ ಬಾಯಿ ತಗದ್ಲು. ಈಕಿ ಊರ ಸೂಲಗಿತ್ತಿ, ಅಂದ್ರ ದವಾಖಾನಿ ದೂರ ಇದ್ದಾಗ ಊರ ಬಾಣಂತನ ಎಲ್ಲಾ ಮಾಡಿದಾಕಿ. ಕಮಿಟಿಯ ಅರ್ಧ ಮಂದಿ ಆಕಿ ಕೈಯಾಗ ಹುಟ್ಟಿದವ್ರು. ಆಕಿ ಎದುರಿಗೆ ಯಾರದೂ ಅಧ್ಯಕ್ಷಗಿರಿ ನಡಿಯಾಂಗಿಲ್ಲ.

"ಲೇ ತಮ್ಮಾ," ಅಂದ್ಲು ಕಾಕಾಗ. "ಹುಟ್ಟಿದ ದಿನ ಒಂದ ಚರಿಗಿ ನೀರ ಹಾಕಿದ್ದಕ್ಕ ಊರ ಕೇಳಂಗ ಚೀರಿದ್ದಿ. ಇನ್ನೂ ನೀರಿಗೆ ಅಂಜೂದು ಬಿಟ್ಟಿಲ್ಲೇನೋ? ನಾ ಹೋಗ್ತೇನಿ ಹುಡುಗರ ಜೋಡಿ."

ಕಾಕಾ ಮೆತ್ತಗಾದ್ರು. "ಆಯಿ ಹೋಗೂದಾದ್ರ ಕಳಸ್ತೇವಿ. ಆದ್ರ ಏನರ ಹೆಚ್ಚುಕಡಿಮಿ ಆತಂದ್ರ, ಈ ಸಾಲ್ಯಾಗ ಇನ್ನ ಯಾರೂ ಸಮುದ್ರದ ಹೆಸರ ಎತ್ತಬಾರದು."

ಸ್ನಾನ ಮಾಡದ ಸಮುದ್ರ

ಬಸ್ ಡ್ರೈವರು ಯಮನೂರಿನವ್ರು, ಹುಡುಗರ ಬಾಯಾಗ ಚಾಚಾ. ಕಲಘಟಗಿ ದಾಟೂದ್ರಾಗ, "ಚಾಚಾ, ಸಮುದ್ರ ಬಂತೇನ್ರಿ?" ಅಂತ ಕೇಳಿ ಕೇಳಿ ಅವರ ತಲಿ ತಿಂದ್ರು. ಘಟ್ಟ ಇಳಿಯೂ ಮುಂದ ಅರ್ಧ ಮಂದಿ ಲಿಂಬಿಹಣ್ಣ ಮೂಸಕೋತ ಮಕ್ಕೊಂಡಿದ್ರು. ಮುಂದ ಮೀನದ ಮಾರ್ಕೆಟ್ ಬಾಜೂಕ ಬಸ್ ಬಂತು, ವಾಸನಿ ಗಪ್ಪಂತ ಒಳಗ ಹೊಕ್ತು. ಒಣ ರೊಟ್ಟಿ, ಶೇಂಗಾ ಹಿಂಡಿ ಉಂಡು ಬೆಳದ ಮೂಗುಗಳು ಅವು. ಎಲ್ಲಾರೂ ಒಮ್ಮೆಲೆ ಎದ್ದು ಕುಂತ್ರು.

ಆಯಿ ಸೆರಗು ಮೂಗಿಗೆ ಹಿಡಕೊಂಡು, "ಏನ ಬೇ ಇದು?" ಅಂದ್ಲು.

ಚಾಚಾ ನಕ್ಕೋತ, "ಸಮುದ್ರ ಬಂತ್ರಿ ಆಯಿ" ಅಂದ್ರು.

"ಇಷ್ಟ ನೀರ ಇಟ್ಕೊಂಡು ಒಂದ ಸ್ನಾನ ಮಾಡಾಕ ಏನ ಧಾಡಿ ಇದಕ್ಕ?"

ಗಂಗವ್ವ ಒಲ್ಲೆ ಅಂದ್ಲು

ಬಸ್ ಇಳದು ನೋಡ್ತೇವಿ, ಅಷ್ಟು ನೀರು! ಒಬ್ಬಾಕಿ ನನ್ನ ಕೈ ಹಿಡಕೊಂಡು, "ಆಚಿ ದಂಡಿನ ಇಲ್ಲಲ್ರಿ ಅಕ್ಕೋರ" ಅಂದ್ಲು. ಹುಡುಗ್ರು ಚಪ್ಪಲ್ ಬಿಟ್ಟು ಓಡೂದ್ರಾಗ ಆಯಿ ಅಡ್ಡ ನಿಂತ್ಲು.

"ನಿಂದರ್ರಿ! ಗಂಗವ್ವಗ ಉಡಿ ತುಂಬದ ಒಬ್ಬರೂ ಕಾಲ ಇಡಬಾರದು."

ನೀರ ತಾಯಿನ್ನ ನಾವು ಗಂಗವ್ವ ಅಂತೇವಿ. ತವರಿಗೆ ಬಂದ ಮಗಳಿಗೆ, ತುಂಬಿದ ಹೊಳಿಗೆ ಉಡಿ ತುಂಬೂದು ನಮ್ಮ ಕಡಿ ಪದ್ಧತಿ. ಗೋದಿ, ಕೊಬ್ಬರಿ ಬಟ್ಟಲ, ಅರಿಷಿಣ ಬೇರು, ಉತ್ತತ್ತಿ, ಎಲಿ ಅಡಿಕಿ, ಕುಬಸ ಹೊಲಿಸೂ ಕಣದ ಅರಿವಿ. ಸೆರಗು ಒಡ್ಡಿ ಇಸಕೋಬೇಕು, ಒಲ್ಲೆ ಅನಬಾರದು. ಆಯಿ ಎಲ್ಲಾ ತಂದಿದ್ಲು. ದಾರ್ಯಾಗ ತೊಯ್ಬಾರದು ಅಂತ ಪ್ಲಾಸ್ಟಿಕ್ ಚೀಲದಾಗ ಹಾಕಿ ಬಿಗಿ ಗಂಟ ಹೊಡದಿದ್ಲು. ಸಮುದ್ರಕ್ಕ ಕೊಡೂ ಉಡಿ ತೊಯ್ಬಾರದಂತ!

ಕೈ ಮುಗದು ಚೀಲ ಒಗದ್ಲು. ತೆರಿ ಬಂತು, ಚೀಲ ತಂದು ಆಕಿ ಕಾಲ ಮುಂದ ಇಟ್ಟು ಹೋತು. ಸಂಕೋಚ ಇರಬೇಕು ಅಂತ ಇನ್ನೊಮ್ಮೆ ಒಗದ್ಲು. ಮತ್ತ ತಂದ ಇಟ್ಟಿತು. ಮೂರನೇ ಸಲ ಕಚ್ಚಿ ಕಟ್ಟಿ, ಸಿಟ್ಟೀಲೆ ಬೀಸಿ ಒಗದ್ಲು. ಈ ಸಲ ಚೀಲದ ಜೋಡಿ ಒಂದು ಒಡಕ ಬಾಟ್ಲಿ, ಎರಡು ಗುಟಕಾ ಚೀಟಿ, ಒಂದು ಎಡಗಾಲ ಚಪ್ಪಲ್ ಸೇರಿ ಬಂದ್ವು.

ಆಯಿ ಮಾರಿ ಬಾಡಿತು. "ಒಲ್ಲೆ ಅಂದ್ಲು. ನಡೀರಿ, ಗಾಡಿ ಹತ್ರಿ. ಉಡಿ ಒಲ್ಲೆ ಅಂದಾಕಿ ನೀರಾಗ ನಾ ಮಕ್ಕಳನ್ನ ಬಿಡಾಂಗಿಲ್ಲ."

ಹುಡುಗ್ಯಾರು ಅಳಾಕ ಹತ್ತಿದ್ರು. ನಾ ತೆರಿ ಅಂದ್ರ ಏನು, ಗಾಳಿ ಹ್ಯಾಂಗ ದಬ್ಬತೈತಿ ಅಂತ ಶುರು ಮಾಡಿದೆ. "ನಿಮ್ಮ ಪಾಠ ಸಾಲ್ಯಾಗ" ಅಂದು ಆಯಿ ತಿರುಗಿ ಹೊಂಟೇ ಬಿಟ್ಲು. ಇಷ್ಟು ದಿನದ ಹಟ, ಹತ್ತ ಹೆಜ್ಜಿ ದೂರದಾಗ ನೀರು, ಮಕ್ಕಳ ಕಾಲು ಇನ್ನೂ ಒಣಗಿದ್ದು! ಹಿರ್ಯಾರು ಕಿರ್ಯಾರು ನೋಡದ ಒದರಿದೆ:

"ಆಯಿ! ನಿಮಗ ಯಾರರ ಪ್ಲಾಸ್ಟಿಕ್ ಚೀಲದಾಗ ಗಂಟ ಕಟ್ಟಿ, ದೂರ ನಿಂತು ಮೈಮ್ಯಾಲ ಒಗದ್ರ ನೀವು ಉಡಿ ಅಂತ ಇಸಕೋತೀರೇನ್ರಿ?"

ಆಯಿ ನಿಂತ್ಲು. ತಿರುಗಿ ಚೀಲ ನೋಡಿದ್ಲು. ಆಮ್ಯಾಲ ತನ್ನ ತಲಿ ತಾನ ಬಡಕೊಂಡ್ಲು. "ಅಯ್ಯ ನನ ಶಿವನ! ಖರೇ ಐತಲ್ಲ ಬೇ. ನನಗ ಹಂಗ ಒಗದಿದ್ರ ನಾ ತಿರುಗಿ ಅವರ ಮಾರಿಗೇ ಒಗೀತಿದ್ದೆ. ಗಂಗವ್ವ ಸಂಭಾವಿತಳು, ಕಾಲ ಮುಂದ ಇಟ್ಟು ಹೋದ್ಲು."

ಕುಂತು ಗಂಟ ಬಿಚ್ಚಿದ್ಲು. ಪಳಪಳ ಹೊಳಿಯೂ ಕಣ ನೋಡಿ, "ಆಯಿ, ಇದೂ ಪ್ಲಾಸ್ಟಿಕ್ ನೂಲಿಂದ್ರಿ" ಅಂದೆ. "ಹಂಗಾರ ನೀ ಹೊಲಿಸ್ಕೊ" ಅಂತ ಅದನ್ನ ನನ್ನ ಸೆರಗಿಗೆ ಹಾಕಿದ್ಲು. ಉಳದಿದ್ದನ್ನ ಬೊಗಸ್ಯಾಗ ಹಿಡದು, ಮೊಣಕಾಲತನಕ ನೀರಾಗ ಹೋಗಿ, ಮೆಲ್ಲಕ ಬಿಟ್ಲು. ಗೋದಿ, ಅರಿಷಿಣ, ಎಲಿ ಅಡಿಕಿ ಎಲ್ಲಾ ಒಳಗ ಹೋತು. ಕೊಬ್ಬರಿ ಬಟ್ಟಲ ಒಂದ ತಿರುಗಿ ಬಂತು. ಪ್ರಸಾದ ಅಂತ ಹುಡುಗ್ರು ಮುರಕೊಂಡು ತಿಂದ್ರು.

"ಹೋಗ್ರಿ ಈಗ!" ಅಂದ್ಲು ಆಯಿ. ಆ ಕೂಗು, ಆ ಜಿಗದಾಟ! ನಾ ದಂಡಿ ಮ್ಯಾಲ ನಿಂತು ಸೊರ ಸೊರ ಅತ್ತೆ. ನಾಚಿಕಿ ಏನೂ ಆಗಲಿಲ್ಲ.

ತಿರುಗಿ ಬಂದ ಉಡಿ

ಹೊಂಡೂ ಹೊತ್ತಿಗೆ ಆಯಿ ಇನ್ನೊಂದ ತಕರಾರ ತಗದ್ಲು. "ಆ ಬಾಟ್ಲಿ, ಆ ಚಪ್ಪಲ್ ಹಂಗ ಬಿಟ್ಟು ಹೊಂಟೀರಲ್ಲ? ಅದು ಆಕಿ ನಮಗ ತುಂಬಿದ ಉಡಿ. ಒಲ್ಲೆ ಅನಬಾರದು." ಹುಡುಗ್ರು ದಂಡಿಗುಂಟ ಸಿಕ್ಕಿದ್ದೆಲ್ಲಾ ಆರಿಸಿದ್ರು. ಚಾಚಾನ ಬಸ್ಸಿನ ಹಿಂದಿನ ಸೀಟು ಪೂರಾ ತುಂಬಿತು.

ಮರುದಿನ ಮುಂಜಾನೆ ಆಯಿ ಸಾಲಿ ಕಟ್ಟಿ ಮ್ಯಾಲ ಕುಂತು, ಊರ ಮಂದಿನ್ನ ಕರದು, ಮನಿಗೊಂದರಂಗ ಹಂಚಿದ್ಲು. ಯಾರಿಗೆ ಬಾಟ್ಲಿ, ಯಾರಿಗೆ ಹರಕ ಬಲಿ. "ಗಂಗವ್ವ ಕೊಟ್ಟಿದ್ದು. ಹೊರಗ ಒಗದೀರಿ, ಹುಷಾರ್!" ಮಂದಿ ಎರಡೂ ಕೈ ಒಡ್ಡಿ, ಕಣ್ಣಿಗೆ ಒತ್ಕೊಂಡು ಒಯ್ದ್ರು. ಕಡೀಕ ಉಳದಿದ್ದು ಎಡಗಾಲ ಚಪ್ಪಲ್, ಕಡೀಕ ಬಂದವ್ರು ಕಾಕಾ.

ಕಾಕಾ ನನ್ನ ಕಡಿ ಒಮ್ಮೆ ನೋಡಿದ್ರು. "ಆಯಿ, ನಮ್ಮ ಹಳ್ಳ ಹೋಗೂದು ಬಂಗಾಳದ ಕಡಿ ಅಂತ ಅಕ್ಕೋರ ಹೇಳ್ಯಾರ. ಇದು ಘಟ್ಟದ ಕೆಳಗಿನ, ಈ ಕಡಿ ಸಮುದ್ರದ್ದು. ಈ ಚಪ್ಪಲ್ ನಮ್ಮೂರದ್ದ ಅಲ್ಲ."

"ಹೌದೇನೋ? ಹಂಗಾರ ನಿಂದು ಬಂಗಾಳದವರ ಉಡ್ಯಾಗ ಬಿದ್ದಿರತೈತಿ. ಹಿಡಿ ಇದನ್ನ. ದೇವರ ಜಗಲಿ ಮ್ಯಾಲ ಇಡು."

"ದೇವರ ಬಾಜೂಕ ಚಪ್ಪಲ್ ಹ್ಯಾಂಗ ಇಡಲಿ ಆಯಿ?"

"ದೇವರ ಬಾಜೂಕ ಇಡಾಕ ಬರಾಂಗಿಲ್ಲ, ಗಂಗವ್ವನ ಮೈಮ್ಯಾಲ ಒಗ್ಯಾಕ ಬರತೈತಿ?"

ಕಾಕಾ ಎರಡೂ ಕೈಯಾಗ ಚಪ್ಪಲ್ ಹಿಡಕೊಂಡು ನಿಂತಿದ್ರು. ಇಷ್ಟು ಮಂದಿ ಮುಂದ ಅಧ್ಯಕ್ಷರಿಗೆ ಅವಮಾನ ಆತು, ಇನ್ನ ಸಮುದ್ರದ ಟ್ರಿಪ್ ಮುಗದಂಗ ಅನ್ಕೊಂಡೆ. ಅವರು ಮೆಲ್ಲಕ ನನ್ನ ಹತ್ತರ ಬಂದ್ರು, ಆಯಿಗೆ ಕೇಳಸದಂಗ ಅಂದ್ರು:

"ಅಕ್ಕೋರ, ಮುಂದಿನ ವರ್ಷನೂ ಸಮುದ್ರಕ್ಕ ಹೋಗ್ರಿ. ವರ್ಷಾ ಹೋಗ್ರಿ. ಆದ್ರ ನಿಮ್ಮ ಕೈ ಮುಗೀತೇನಿ, ಆಯಿನ್ನ ಮಾತ್ರ ಒಯ್ಯಬ್ಯಾಡ್ರಿ."