ಪೂಜೆಗಿಡದ ಫ್ಯಾನು

ಭಾನುವಾರ ಮಧ್ಯಾಹ್ನ ಗಡದ್ದಾಗಿ ನಿದ್ದೆ ಹೊಡೆದು ಕಣ್ಣು ಬಿಟ್ಟ ವಿಶ್ವಾರಾಧ್ಯರಿಗೆ ಕಂಡದ್ದೇನು? ಧರ್ಮಪತ್ನಿ ಪೂರ್ಣಿಮಾ ಸ್ಟೂಲು ಹತ್ತಿ ನಿಂತು ಅವರ ಫ್ಯಾನಿನ ಸ್ವಿಚ್ಚಿಗೆ ಅಳತೆ ಹಿಡಿಯುತ್ತಿದ್ದಳು. ಅವರು ದಡಬಡಿಸಿ ಎದ್ದು ಕೂತರು. ಆಕೆ ಅಳತೆ ಹಿಡಿದ ವಸ್ತು ಆ ಮನೆಯಲ್ಲಿ ಹೆಚ್ಚು ದಿನ ಬಾಳಿದ್ದಿಲ್ಲ. ಹಳೇ ಟಾರ್ಚಿನ ಬಲ್ಬು, ಮಾವನವರ ರೇಡಿಯೋದ ತಿರುಗುಗುಂಡಿ, ಎಲ್ಲ ಹೀಗೇ ಅಳತೆ ಕೊಟ್ಟು ಒಂದೊಂದಾಗಿ ವಿಮಾನ ಸೇರಿದ್ದವು.

ಹೌದು, ವಿಮಾನ. (ಗಂಡನದು ವಿಮೆ ಕಚೇರಿ, ಹೆಂಡತಿಯದು ವಿಮಾನ, ಜಾತಕ ಕೂಡಿಸಿದವರು ಇದನ್ನು ಗಮನಿಸಲಿಲ್ಲ.) ಪೂರ್ಣಿಮಾ ವಾರದ ದಿನಗಳಲ್ಲಿ ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರು. ರಜೆ ಬಂದರೆ ಪಲ್ಲಾವರಂ ಆಚೆಯ ಒಂದು ಹಳೇ ಶೆಡ್ಡಿನಲ್ಲಿ, ಎರಡು ಸೀಟಿನ ತರಬೇತಿ ವಿಮಾನವೊಂದರ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡಿರುವವಳು. ಅದು ಇನ್ನು ಹಾರುವುದಿಲ್ಲ, ಜನ ನೋಡುವುದಕ್ಕಷ್ಟೇ. ಆದರೂ ಅದರ ಒಂದೊಂದು ತಂತಿ, ಒಂದೊಂದು ದೀಪ ಆ ಕಾಲದ್ದೇ ಆಗಿರಬೇಕೆಂಬುದು ಆಕೆಯ ವ್ರತ. ಎಲ್ಲ ಮುಗಿದು, ಮೂಗಿನ ಮೇಲಿನ ದೊಡ್ಡ ದೀಪದ ಸ್ವಿಚ್ಚೊಂದು ಮಾತ್ರ ಸಿಕ್ಕಿರಲಿಲ್ಲ.

“ಹೊಸದು ಹಾಕಿದ್ರೆ ಆಗಲ್ವಾ?” ಎಂದು ವಿಶ್ವಾರಾಧ್ಯರು ಒಮ್ಮೆ ಕೇಳಿ ನೋಡಿದ್ದರು.

“ನಿಮ್ಮಜ್ಜನ ಫೋಟೋಗೆ ಕೂಲಿಂಗ್ ಗ್ಲಾಸ್ ಹಾಕ್ತೀರಾ?” ಎಂದು ಆಕೆ ತಿರುಗಿ ಕೇಳಿದ್ದಳು. ಮನೆಯ ಸ್ವಿಚ್ಚು ಬ್ಯಾಟರಿಯ ಡಿ.ಸಿ. ಕರೆಂಟಿಗೆ ತಾಳದೆ ಕಿಡಿ ಹಾರಿ ಸುಟ್ಟುಹೋಗುತ್ತದೆ, ಡಿ.ಸಿ.ಗೆಂದೇ ಮಾಡಿದ ಹಳೇ ಉಕ್ಕಿನ ಕಡ್ಡಿಯ ಸ್ವಿಚ್ಚೇ ಆಗಬೇಕು ಎಂದೂ ವಿವರಿಸಿದ್ದಳು.

ಅಂಥದ್ದೊಂದು ಸ್ವಿಚ್ಚು ಇದ್ದದ್ದು ವಿಶ್ವಾರಾಧ್ಯರ ಫ್ಯಾನಿಗೆ. ಒಂದು ಕಾಲಕ್ಕೆ ರೈಲುಡಬ್ಬಿಯಲ್ಲಿ ತಿರುಗಿ, ರಿಟೈರಾಗಿ ಅವರ ಗೋಡೆಯೇರಿದ ಗಿಡ್ಡ ಫ್ಯಾನು ಅದು. ಬ್ಯಾಟರಿಯಲ್ಲಿ ಓಡುತ್ತದೆ. ಕರೆಂಟು ಹೋಗಿ ಇಡೀ ಬೀದಿ ಪೇಪರಿನಲ್ಲಿ ಗಾಳಿ ಬೀಸಿಕೊಳ್ಳುವಾಗ ಇವರು ಟಕ್ ಎಂದು ಕಡ್ಡಿ ಒತ್ತಿ ಚಕ್ರವರ್ತಿಯಂತೆ ಪವಡಿಸುತ್ತಿದ್ದರು. ಆ ಟಕ್ ಕೇಳಿದರೆ ಅರ್ಧ ನಿದ್ದೆ ಬಂದಹಾಗೇ.

ಅಳತೆಯ ಘಟನೆಯಾದ ಮೇಲೆ ವಿಶ್ವಾರಾಧ್ಯರು ಬೇರೆ ಮನುಷ್ಯರಾದರು. ಶುಕ್ರವಾರ ಬೆಳಗಾದರೆ ಇಬ್ಬರ ಆಫೀಸಿಗೂ ಅರ್ಧ ದಿನ ರಜೆ ಹೇಳಿ, ಹೆಂಡತಿಗಿಂತ ಮೊದಲೇ ಚೀಲ ಹಿಡಿದು ಪಲ್ಲಾವರಂನ ಹಳೇ ಸಾಮಾನಿನ ಸಂತೆಗೆ ಹೊರಟು ನಿಲ್ಲುತ್ತಿದ್ದರು. ಹೆಂಡತಿಯ ಹವ್ಯಾಸಕ್ಕೆ ಎಂಥ ಸಹಕಾರ ಎಂದು ಅಕ್ಕಪಕ್ಕದವರು ಹೊಗಳಿದರು. ತಮ್ಮ ಫ್ಯಾನಿನ ಪ್ರಾಣ ಉಳಿಸಿಕೊಳ್ಳುವ ಪರದಾಟ ಇದೆಂದು ಅವರಿಗೇನು ಗೊತ್ತು?

ಆದರೆ ಸಂತೆಯಲ್ಲಿ ಹೆಂಡತಿಯನ್ನು ನೋಡಿ ಅವರು ನಿಜಕ್ಕೂ ಬೆರಗಾದರು. ರಾಶಿ ಬಿದ್ದ ಗುಜರಿಯ ಮುಂದೆ ಆಕೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಸ್ವಿಚ್ಚನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಕಡ್ಡಿ ಒತ್ತುತ್ತಿದ್ದಳು. ಒಳಗಿನ ಸ್ಪ್ರಿಂಗು ಸಡಿಲವಾಗಿದ್ದರೆ ಸದ್ದಿನಲ್ಲೇ ತಿಳಿಯುತ್ತಿತ್ತು. ಬಾಯಿಬಡುಕ ಅಂಗಡಿಯವರೂ ಆ ಹೊತ್ತಿಗೆ ಕೂಗು ನಿಲ್ಲಿಸಿ ಆಕೆಯ ಮುಖ ನೋಡುತ್ತಿದ್ದರು. ಇಪ್ಪತ್ತು ವರ್ಷ ಸಂಸಾರ ಮಾಡಿಯೂ ಈಕೆಯನ್ನು ತಾನು ಸರಿಯಾಗಿ ನೋಡಿಯೇ ಇಲ್ಲವಲ್ಲ ಎಂದು ವಿಶ್ವಾರಾಧ್ಯರಿಗೆ ಅನ್ನಿಸಿತು.

ಕೊನೆಗೆ, ದಸರೆಯ ಹಿಂದಿನ ಶುಕ್ರವಾರ, ಕುಕ್ಕರ್ ಮುಚ್ಚಳಗಳ ಕೆಳಗಿಂದ ಅವರೇ ಒಂದನ್ನು ಹೆಕ್ಕಿ ತೆಗೆದರು. ಪೂರ್ಣಿಮಾ ಒತ್ತಿ ನೋಡಿ, ಕಣ್ಣು ತೆರೆದು, “ಇದೇ ರೀ” ಎಂದಳು. ಮದುವೆಯ ದಿನ ಕೂಡ ಆಕೆ ಅವರನ್ನು ಹಾಗೆ ನೋಡಿರಲಿಲ್ಲ. ಫ್ಯಾನು ಉಳಿಯಿತು, ಮಾನವೂ ಬಂತು.

ವಿಜಯದಶಮಿಯ ದಿನ ದೀಪ ಬೆಳಗಿಸುವುದೆಂದು ನಿಶ್ಚಯವಾಯಿತು. ಆ ವಿಮಾನದಲ್ಲೇ ಹಾರಾಟ ಕಲಿತಿದ್ದ, ತೊಂಬತ್ತು ದಾಟಿದ ಹಿರಿಯರೊಬ್ಬರು ತಿರುಚ್ಚಿಯಿಂದ ಬಂದು ಸ್ವಿಚ್ಚು ಒತ್ತುವವರಿದ್ದರು. ನೀವು ಕೂತ ಕಾಲದಲ್ಲಿ ಹೇಗಿತ್ತೋ ಹಾಗೇ ತೋರಿಸುತ್ತೇನೆಂದು ಪೂರ್ಣಿಮಾ ಅವರಿಗೆ ಮಾತು ಕೊಟ್ಟಿದ್ದಳು.

ಅದರ ಹಿಂದಿನ ದಿನ ಆಯುಧಪೂಜೆ. ಈ ಹಬ್ಬದಲ್ಲಿ ವಿಶ್ವಾರಾಧ್ಯರಿಗೆ ವಿಶೇಷ ಶ್ರದ್ಧೆ. ಚಾಕು, ಮಿಕ್ಸಿ, ಕುಕ್ಕರು, ಇಸ್ತ್ರಿಪೆಟ್ಟಿಗೆ, ಸ್ಕ್ರೂಡ್ರೈವರು, ಯಾವುದರಿಂದ ಕೆಲಸ ಹುಟ್ಟಬಹುದೋ ಅದೆಲ್ಲವನ್ನೂ ಪೂಜೆಗಿಟ್ಟು, ಮರುದಿನದ ಮಂಗಳಾರತಿಯವರೆಗೆ ಮುಟ್ಟಬಾರದೆಂದು ಶಾಸನ ಹೊರಡಿಸುತ್ತಿದ್ದರು. ಟಿ.ವಿ. ರಿಮೋಟು, ಕಾಫಿ ಫಿಲ್ಟರು ಮಾತ್ರ ಈ ಪಟ್ಟಿಯಲ್ಲಿ ಬರುತ್ತಿರಲಿಲ್ಲ. ಈ ವರ್ಷ ತಟ್ಟೆಯ ನಟ್ಟನಡುವೆ ತಾವು ಗೆದ್ದು ತಂದ ಸ್ವಿಚ್ಚನ್ನಿಟ್ಟು, ವಿಭೂತಿ, ಕುಂಕುಮ, ಸೇವಂತಿಗೆ ಏರಿಸಿ, “ಇದು ವಿಮಾನಕ್ಕೆ” ಎಂದು ದೇವರಿಗೂ ನೆರೆಮನೆಗೂ ಕೇಳುವಂತೆ ಅರ್ಪಿಸಿದರು.

“ಆ ಫ್ಯಾನಿಗೂ ಒಂದು ಕುಂಕುಮ ಇಡೋ” ಎಂದರು ತಾಯಿ ಸರ್ವಮಂಗಳಮ್ಮ.

“ಅದು ಆಯುಧ ಅಲ್ಲಮ್ಮ. ಅದರಿಂದ ಯಾರೂ ಕೆಲಸ ಮಾಡಲ್ಲ” ಎಂದರು ವಿಶ್ವಾರಾಧ್ಯರು. ಮಧ್ಯಾಹ್ನದ ನಿದ್ದೆ ಅವರ ಕಣ್ಣ ಮುಂದಿತ್ತು. ಪೂರ್ಣಿಮಾ ಸೌತೆಕಾಯಿ ಹೆಚ್ಚಲು ಚಾಕು ಕೇಳಿದಾಗಲೂ ಶಾಸನವನ್ನು ಓದಿ ಹೇಳಿದರು. ಊಟ ಹೋಟೆಲಿನಿಂದ ಬಂತು.

ಊಟದ ನಡುವೆ ಫೋನು. ಶೆಡ್ಡಿನಲ್ಲಿ ಆಕೆಯ ಜೊತೆ ಕೆಲಸ ಮಾಡುವ ಜಯಪ್ರಕಾಶ್. ಹಿರಿಯರು ಬಂದಾಗಿದೆ, ಮನೆಯಲ್ಲಿ ಏನೋ ತುರ್ತಂತೆ, ಸಂಜೆಯೇ ಎಗ್ಮೋರಿನಿಂದ ವಾಪಸು ರೈಲು ಹತ್ತುತ್ತಾರೆ; ದೀಪ ಈಗಲೇ ಬೆಳಗಬೇಕು ಎಂದ.

ಪೂರ್ಣಿಮಾ ಕೈ ತೊಳೆದು ತಟ್ಟೆಯತ್ತ ಹೋದಳು. ಸರ್ವಮಂಗಳಮ್ಮ ಅಡ್ಡ ಬಂದರು. ವಿಶ್ವಾರಾಧ್ಯರು ಗಂಟಲು ಸರಿಮಾಡಿಕೊಂಡು, ಆಪತ್ತಿಗೆ ಶಾಸ್ತ್ರದಲ್ಲಿ ರಿಯಾಯಿತಿ ಉಂಟೆಂದರು.

“ಹೋದ ವರ್ಷ ನನ್ನ ಕನ್ನಡಕಾನೂ ಪೂಜೆಗಿಟ್ಟು ಇಡೀ ದಿನ ಕುರುಡಿ ಹಾಗೆ ಕೂರಿಸಿದ್ದೆಯಲ್ಲ, ಆಗ ಎಲ್ಲಿ ಹೋಗಿತ್ತು ನಿನ್ನ ರಿಯಾಯಿತಿ?” ಎಂದರು ತಾಯಿ.

ಪೂರ್ಣಿಮಾಳ ಕಣ್ಣು ನಿಧಾನವಾಗಿ ಗೋಡೆಯ ಮೇಲಕ್ಕೆ ಹತ್ತಿತು.

“ರೀ, ಅದು ಆಯುಧ ಅಲ್ಲ ಅಂದ್ರಲ್ಲ.”

“ಸ್ಕ್ರೂಡ್ರೈವರ್ ಪೂಜೆಲಿದೆ” ಎಂದರು ವಿಶ್ವಾರಾಧ್ಯರು, ಮುಳುಗುವ ದನಿಯಲ್ಲಿ.

ಆಕೆ ಪರ್ಸಿನಿಂದ ನಾಣ್ಯವೊಂದನ್ನು ತೆಗೆದು, ಸ್ಟೂಲು ಹತ್ತಿ, ಅದರಿಂದಲೇ ತಿರುಪು ಬಿಚ್ಚಿದಳು. ಅಳತೆ ಹೇಗೂ ಮೊದಲೇ ತೆಗೆದಾಗಿತ್ತು.

ಶೆಡ್ಡಿನಲ್ಲಿ ವಿಮಾನಕ್ಕೆ ಹಾರ ಹಾಕಿ, ಗಾಲಿಗಳಿಗೆ ನಿಂಬೆಹಣ್ಣು ಇಟ್ಟಿದ್ದರು. ಪೂರ್ಣಿಮಾ ಸೆರಗು ಸಿಕ್ಕಿಸಿ ಒಳಗೆ ತೂರಿ ಸ್ವಿಚ್ಚನ್ನು ಕೂರಿಸಿ ಬಂದಳು. ಹಿರಿಯರನ್ನು ಇಬ್ಬರು ಎತ್ತಿ ಸೀಟಿನಲ್ಲಿ ಕೂರಿಸಿದರು. ಅವರ ಬೆರಳು ಹುಡುಕದೆಯೇ ಸೀದಾ ಸ್ವಿಚ್ಚಿಗೆ ಹೋಯಿತು. ಟಕ್. ದೀಪ ಹೊತ್ತಿ ಎದುರಿನ ಗೋಡೆಯೆಲ್ಲ ಬೆಳಕಾಯಿತು. ಅವರು ಆ ಬೆಳಕನ್ನು ನೋಡಲಿಲ್ಲ. ಕಣ್ಣು ಮುಚ್ಚಿ, ಆರಿಸಿ, ಇನ್ನೊಮ್ಮೆ ಒತ್ತಿದರು. ಅದೇ ಸದ್ದು ಎಂದು ತಮಿಳಿನಲ್ಲಿ ಹೇಳಿ ಅತ್ತುಬಿಟ್ಟರು. ಮೂಗಿನ ಮೇಲೆ ಗ್ರೀಸು ಬಳಿದುಕೊಂಡು ಪಕ್ಕದಲ್ಲಿ ನಿಂತಿದ್ದ ಹೆಂಡತಿಯನ್ನು ನೋಡಿ ವಿಶ್ವಾರಾಧ್ಯರ ಕಣ್ಣೂ ಒದ್ದೆಯಾಯಿತು. ಅಂಥವಳ ಗಂಡನಾಗಿದ್ದೇನೆಂದು ಅವರಿಗೆ ಹೆಮ್ಮೆಯಾಯಿತು.

“ಸ್ವಿಚ್ ನಮ್ಮ ಮನೆಯವರು ಕೊಟ್ಟಿದ್ದು” ಎಂದಳು ಪೂರ್ಣಿಮಾ. ಎಲ್ಲರೂ ಚಪ್ಪಾಳೆ ತಟ್ಟಿದರು. ಹಿರಿಯರು ವಿಶ್ವಾರಾಧ್ಯರ ಕೈ ಹಿಡಿದು, ಈ ಸ್ವಿಚ್ಚನ್ನು ಮಾತ್ರ ಎಂದೂ ಬದಲಾಯಿಸಬೇಡಿ ಎಂದು ಮಾತು ಪಡೆದರು. ಚಪ್ಪಾಳೆಯ ಅಮಲಿನಲ್ಲಿ ಇವರು ಕೊಟ್ಟೂಬಿಟ್ಟರು.

ಮರುದಿನ ಮಂಗಳಾರತಿ ಮುಗಿದದ್ದೇ ತಡ, ಅವರು ತಟ್ಟೆಯ ಸ್ವಿಚ್ಚನ್ನೆತ್ತಿಕೊಂಡು ಫ್ಯಾನಿನತ್ತ ನಡೆದರು.

“ವಿಮಾನಕ್ಕೆ ಅಂತ ದೇವರ ಮುಂದೆ ಅರ್ಪಿಸಿದ್ದು ನೀನೇ ಅಲ್ವೇನೋ?” ಎಂದರು ಸರ್ವಮಂಗಳಮ್ಮ, ಕನ್ನಡಕ ಏರಿಸಿಕೊಂಡು. ಅದು ವಿಮಾನದ ಹಿಂದಿನ ಸೀಟಿನ ದೀಪಕ್ಕೆ ಬದಲಿ ಸ್ವಿಚ್ಚಾಗಿ ಹೋಯಿತು.

ಮುಂದಿನ ಶುಕ್ರವಾರ ಉರಿಬಿಸಿಲಲ್ಲಿ ವಿಶ್ವಾರಾಧ್ಯರು ಗುಜರಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಹೆಂಡತಿ ಕೊಡೆ ಹಿಡಿದು ನಿಂತಿದ್ದಳು. ಅವರು ಸ್ವಿಚ್ಚುಗಳನ್ನು ಒಂದೊಂದಾಗಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಒತ್ತಿ, ತಲೆ ಅಲ್ಲಾಡಿಸಿ ಪಕ್ಕಕ್ಕಿಡುತ್ತಿದ್ದರು. ಈ ಸಾರ್‌ಗಿಂತ ಆ ಅಕ್ಕನೇ ವಾಸಿ ಎಂದು ಅಂಗಡಿಯವನು ಗೊಣಗಿದ. ಪೂರ್ಣಿಮಾಗೆ ನಿಂತು ನಿಂತು ಕಾಲು ನೋವು ಬಂದಿತ್ತು.

“ಹೊಸದು ಹಾಕಿದ್ರೆ ಆಗಲ್ವಾ ರೀ?” ಎಂದಳು.

ವಿಶ್ವಾರಾಧ್ಯರು ಕಣ್ಣು ತೆರೆಯದೆಯೇ ಕೇಳಿದರು: “ನಿಮ್ಮಜ್ಜನ ಫೋಟೋಗೆ ಕೂಲಿಂಗ್ ಗ್ಲಾಸ್ ಹಾಕ್ತೀಯಾ?”