ವಕೀಲರ ಕಾರಿಗೆ ನಾಲ್ಕನೇ ಗೇರು

ಇದು ನಡೆದದ್ದು ೧೯೫೧ರ ಬೇಸಿಗೆಯಲ್ಲಿ. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರನೇ ವರ್ಷ. ನಾನು ಹೈದರಾಬಾದಿನಲ್ಲಿ ಬಿ.ಎಸ್ಸಿ. ಮುಗಿಸಿ ಕಲಬುರಗಿಗೆ ಮರಳಿದ್ದೆ. ಶಹಾಬಜಾರದ ನಮ್ಮ ಓಣಿಯಲ್ಲಿ ಬಿ.ಎಸ್ಸಿ. ಆದವನು ನಾನೊಬ್ಬನೇ. ಹಾಗಾಗಿ ರೇಡಿಯೊ ಗೊರಗೊರ ಅಂದರೂ, ಬಾವಿಯ ನೀರು ಸವುಳಾದರೂ, ಎಮ್ಮೆ ಹಾಲು ಕೊಡದಿದ್ದರೂ ನನಗೇ ಕರೆ ಬರುತ್ತಿತ್ತು. ನಾನು ಓದಿದ್ದು ಭೌತಶಾಸ್ತ್ರ ಎಂದರೆ, "ಅದೂ ಸೈನ್ಸೇ ಅಲ್ಲೇನಪಾ" ಎನ್ನುತ್ತಿದ್ದರು. ಇಂಥವು ಈಗಲೂ ವಾರಕ್ಕೊಂದಾದರೂ ಆಗುತ್ತವೆ. ಒಂದು ಕಾರಿನ ಸುತ್ತ ಆದವುಗಳನ್ನಷ್ಟೇ ಇಲ್ಲಿ ಬರೆಯುತ್ತೇನೆ.

೧. ರೋಗಿಯ ಪರಿಚಯ

ಕಾರು ನಮ್ಮ ಎದುರು ಮನೆಯ ವಕೀಲರದು. ಊರು ಬಿಡುವ ಅವಸರದಲ್ಲಿದ್ದ ಒಬ್ಬ ನವಾಬರಿಂದ ಕೊಂಡದ್ದು. ಕೆಂಪು ಬಣ್ಣ, ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ. ರೇಸಿಗೆಂದು ಮಾಡಿದ ಕಾರು ಎಂದು ನವಾಬರು ಹೇಳಿದ್ದರಂತೆ. ಯಾವುದರ ಜೊತೆ ರೇಸು ಎಂದು ವಕೀಲರು ಕೇಳಿರಲಿಲ್ಲ. ನಮ್ಮ ಓಣಿಯಲ್ಲಿ ಅದು ತಾಂಗಾಗಳಿಗೆ ದಾರಿ ಬಿಟ್ಟು ನಿಲ್ಲುತ್ತಿತ್ತು.

ವಕೀಲರಿಗೆ ಮೂವತ್ತೆರಡು ವರ್ಷ. ಮೈ ತುಂಬಿದ ಆಳು. ಮದುವೆಯಾಗಿರಲಿಲ್ಲ. ಕಮಲಾಪುರದಲ್ಲಿ ಹೆಣ್ಣು ಗೊತ್ತಾಗಿತ್ತು. ಹುಡುಗಿ ಒಪ್ಪಿದ್ದಳು, ಜಾತಕ ಕೂಡಿತ್ತು. ತೊಡಕು ಒಂದೇ. ಹೆಣ್ಣಿನ ಮನೆ ದಿಬ್ಬದ ಮೇಲಿತ್ತು. ವಕೀಲರು ಮೂರು ಸಲ ಹೋದರು. ಮೂರು ಸಲವೂ ಕಾರು ಏರಿನ ನಡುವೆ ನಿಂತಿತು. ಮೂರು ಸಲವೂ ಹೆಣ್ಣಿನ ತಂದೆಯ ಆಳುಗಳು ಬಾಳೆತೋಟ ಬಿಟ್ಟು ಬಂದು ನೂಕಿದರು.

ಮೂರನೇ ಸಲ ತಂದೆ ನೇರವಾಗಿ ಹೇಳಿದರಂತೆ: "ವಕೀಲ್ರ, ಮುಂದಿನ ಸೋಮವಾರ ಬಿಟ್ಟು ಅದರ ಮುಂದಿನ ಸೋಮವಾರ ನಿಶ್ಚಯಕ್ಕ ಬರ್ರಿ. ಕಾರು ತಾನಾಗೇ ಮ್ಯಾಲ ಬಂತಂದ್ರ ಸಕ್ಕರಿ ಹಂಚೋಣು. ನಮ್ಮ ಆಳು ಕೈ ಹಚ್ಚಿ ನೂಕಬೇಕಾತು ಅಂದ್ರ ನೀವು ಅಲ್ಲಿಂದ ಅಲ್ಲೇ ತಿರುಗಿ ಹೋಗ್ರಿ. ಕಾರು ಸಾಕಲಾರದವ ಹೆಂಡ್ತೀನ ಏನು ಸಾಕ್ಯಾನು?"

"ಬಸ್ಸಿನಾಗ ಹೋಗ್ರಿ ಸಾಹೇಬ್ರ," ಎಂದೆ.

ವಕೀಲರು ನನ್ನನ್ನು ಕನಿಕರದಿಂದ ನೋಡಿದರು. "ಬಿ.ಎಸ್ಸಿ., ಬಸ್ಸಿನಾಗ ಹೋಗೋದಿದ್ರ ಕಾರು ಯಾಕ ತಗೋತಿದ್ದೆ? ಇದಕ್ಕ ಮೂರೇ ಗೇರ್ ಅವ. ನಾಲ್ಕು ಗೇರಿನ ಡಬ್ಬಿ ಹಾಕಿಸಬೇಕೋ ಬ್ಯಾಡೋ, ನೀ ಸೈನ್ಸಿನ ಪ್ರಕಾರ ಹೇಳು. ಅವಸರ ಮಾಡಬ್ಯಾಡ. ಹದಿನಾಕು ದಿನ ಅವ."

೨. ಮಿಲಿಟರಿ ಮಾಲು

ಜಗತ್ ಕೆರೆಯ ಹತ್ತಿರ ಒಬ್ಬ ಮಿಸ್ತ್ರಿಯ ಗ್ಯಾರೇಜಿತ್ತು. ಗ್ಯಾರೇಜು ಎಂದರೆ ಒಂದು ಬೇವಿನ ಮರ. ಮಿಸ್ತ್ರಿಯ ಹತ್ತಿರ ಸೈನ್ಯದವರು ಹರಾಜು ಹಾಕಿದ್ದ ಟ್ರಕ್ಕಿನ ಗೇರ್ ಬಾಕ್ಸ್ ಇತ್ತು. ಗೋಣಿತಟ್ಟು ಸರಿಸಿ, ಹೊಸ ಸೀರೆ ತೋರಿಸುವವನಂತೆ ತೋರಿಸಿದ.

"ಮಿಲ್ಟ್ರಿ ಮಾಲ್ ಅದ ಸಾಬ್. ಚಾರ್ ಗೇರ್. ನಿಮ್ಮ ದಿಬ್ಬ ಏನ್ ಹಚ್ಚೀರಿ, ಪಹಾಡ್ ಹತ್ತತದ."

ನಾನು ಟೇಪು ತೆಗೆದು ಅಳೆದೆ. ಬಳಿಕ ಕಾರನ್ನು ಅಳೆದೆ. ಮತ್ತೆ ಡಬ್ಬಿಯನ್ನು ಅಳೆದೆ.

"ಇದು ಕಾರಿನಾಗ ಹ್ಯಾಂಗ ಕೂಡ್ತದ?"

"ಆರಾಮ ಕೂಡ್ತದ ಸಾಬ್. ಬಾಜೂ ಸೀಟ್ ತೆಗೀಬೇಕು, ಅಷ್ಟೇ."

"ಬಾಜೂ ಸೀಟಿನಾಗ ಇವ್ರ ಹೆಂಡ್ತಿ ಕೂಡಬೇಕಲ್ಲಪಾ?"

ಮಿಸ್ತ್ರಿ ಗಡ್ಡ ಕೆರೆದುಕೊಂಡ. "ಅದು ನೀವು ಫೈಸ್ಲಾ ಮಾಡ್ರಿ. ಎರಡೂ ಕೂಡಂಗಿಲ್ಲ."

ಹೆಂಡತಿ ಸಿಗಲೆಂದು ಗೇರ್ ಬಾಕ್ಸ್, ಗೇರ್ ಬಾಕ್ಸಿಗಾಗಿ ಹೆಂಡತಿಯ ಸೀಟು. ಇದರಲ್ಲಿ ವಿಚಾರ ಮಾಡುವುದೇನೂ ಇಲ್ಲ ಎಂದು ನಾನು ತಿಳಿದಿದ್ದೆ. ವಕೀಲರು ಎರಡು ದಿನ ವಿಚಾರ ಮಾಡಿದರು.

೩. ಕಾಯ್ದೆಯ ಪ್ರಕಾರ

ಮೂರನೇ ದಿನ ವಕೀಲರಿಗೆ ಕಾಯ್ದೆ ನೆನಪಾಯಿತು. ಗೇರ್ ಬಾಕ್ಸ್ ಬದಲಿಸಲು ಸರಕಾರದ ಪರವಾನಗಿ ಬೇಕಾದೀತು ಎಂದು ನನ್ನನ್ನೂ ಕರೆದುಕೊಂಡು ಕಚೇರಿಗೆ ಹೋದರು. ಸರಕಾರ ಬದಲಾಗಿತ್ತು. ಕಪಾಟು, ಕುರ್ಚಿ, ಗುಮಾಸ್ತರು ಬದಲಾಗಿರಲಿಲ್ಲ. ಗುಮಾಸ್ತರು ಉರ್ದು ಫಾರಮುಗಳ ಕಟ್ಟೊಂದನ್ನು ಬಿಚ್ಚಿ ನೋಡಿ, ಹಾಗೇ ಕಟ್ಟಿದರು.

"ಗೇರ್ ಬದಲಿ ಮಾಡ್ಲಿಕ್ಕೆ ಹಳೇ ಕಾಯ್ದೆದಾಗ ಏನೂ ಬರದಿಲ್ರಿ. ಹೊಸಾ ಕಾಯ್ದೆ ಇನ್ನಾ ಬಂದಿಲ್ಲ."

"ಅಂದ್ರ ಪರವಾನಗಿ ಬ್ಯಾಡ ಅಂದಂಗಾತು," ಎಂದರು ವಕೀಲರು.

"ಬ್ಯಾಡ ಅಂತನೂ ಬರದಿಲ್ರಿ."

"ಹಂಗಾದ್ರ ನಾವು ಏನು ಮಾಡಬೇಕು?"

"ಅರ್ಜಿ ಕೊಡ್ರಿ."

"ಯಾವುದಕ್ಕ?"

"ಅದು ಅರ್ಜಿ ಬಂದ ಮ್ಯಾಲೆ ನೋಡ್ತೇವ್ರಿ."

ವಕೀಲರು ಅರ್ಜಿ ಕೊಟ್ಟರು. ಉತ್ತರ ಇನ್ನೂ ಬಂದಿಲ್ಲ.

೪. ದಿಬ್ಬದ ಸರ್ವೆ

ಏರು ಎಷ್ಟು ಕಡಿದು ಎಂದು ಗೊತ್ತಿಲ್ಲದೆ ಗೇರಿನ ವಿಚಾರ ಮಾಡುವುದು ತಪ್ಪು. ನಾನು ಬಸ್ಸು ಹಿಡಿದು ಕಮಲಾಪುರಕ್ಕೆ ಹೋದೆ. ಕೋನಮಾಪಕಕ್ಕೆ ದಾರದಲ್ಲಿ ಸಣ್ಣ ಕಲ್ಲು ಕಟ್ಟಿ, ದಿಬ್ಬದ ಬುಡದಿಂದ ಹತ್ತು ಹೆಜ್ಜೆಗೊಮ್ಮೆ ನಿಂತು ಕೋನ ಬರೆದುಕೊಳ್ಳುತ್ತ ಮೇಲೆ ಹೊರಟೆ.

ಜಾಗೀರುಗಳು ಹೋಗಿ ಭೂಮಿ ಯಾರದೆಂದು ಎಲ್ಲರೂ ಲೆಕ್ಕ ಹಾಕುತ್ತಿದ್ದ ಕಾಲ ಅದು. ಕೈಯಲ್ಲಿ ದಾರ ಮತ್ತು ಪೆನ್ಸಿಲು ಹಿಡಿದವನು ಸುಮ್ಮನೆ ತಿರುಗಾಡಲು ಬಂದಿಲ್ಲ, ಸರಕಾರದ ಸರ್ವೆಯವನೇ ಇರಬೇಕು ಎಂದು ಕಮಲಾಪುರ ತೀರ್ಮಾನಿಸಿತು. ಮೊದಲು ಒಬ್ಬ ತೋಟದವನು ಕೆಂಪು ಬಾಳೆಹಣ್ಣಿನ ಗೊನೆ ತಂದು ನನ್ನ ಕಾಲ ಬಳಿ ಇಟ್ಟ.

"ಸಾಹೇಬ್ರ, ನಮ್ಮ ತೋಟ ಸ್ವಲ್ಪ ಸಣ್ಣದು ಅಂತ ಬರ್ಕೋರಿ."

ನಾನು ತೋಟ ಅಳೆಯಲು ಬಂದಿಲ್ಲ, ದಿಬ್ಬ ಅಳೆಯಲು ಬಂದಿದ್ದೇನೆ ಎಂದೆ. ಆತ ಗಾಬರಿಯಾದ. "ಅಯ್ಯೋ, ದಿಬ್ಬಾನೂ ತಗೋತಾರೇನ್ರಿ?" ಎನ್ನುತ್ತ ಓಡಿದ.

ಸ್ವಲ್ಪ ಹೊತ್ತಿನಲ್ಲಿ ಇನ್ನೊಬ್ಬ ಬಂದ. ಆತನೂ ಗೊನೆ ಇಟ್ಟ. "ಸಾಹೇಬ್ರ, ಆಗಳೇ ಬಂದಿದ್ನಲ್ಲ, ಅವನ ತೋಟ ಇದ್ದಷ್ಟೇ ಬರ್ಕೋರಿ. ನನಗ ಮತ್ತೇನೂ ಬ್ಯಾಡ."

ಆ ದಿನ ನಾನು ಸಾಹೇಬನಾಗಿ ಊರಿಗೆ ಮರಳಿದೆ. ಬಸ್ಸಿನ ಕಂಡಕ್ಟರು ಗೊನೆಗಳಿಗೂ ಟಿಕೆಟು ಹರಿದ.

೫. ಸೈನ್ಸಿನ ತೀರ್ಪು

ಏರಿನ ಕೋನ ಸಿಕ್ಕಿತು. ಇನ್ನು ಕಾರಿನ ಬಲ. ಹಿಂದಿನ ಎರಡೂ ಗಾಲಿಗಳನ್ನು ಕಲ್ಲಿಟ್ಟು ಎತ್ತಿ, ಮುಂದಿನಿಂದ ಇಂಜಿನ್ನಿನ ಹ್ಯಾಂಡಲು ತಿರುಗಿಸುತ್ತ ಎಣಿಸಿದೆ. ಗಾಲಿ ಒಂದು ಸುತ್ತು ಬರಲು ಹ್ಯಾಂಡಲು ಎಷ್ಟು ಸುತ್ತು ತಿರುಗಬೇಕು? ಸುತ್ತು ಹೆಚ್ಚಾದಷ್ಟೂ ವೇಗ ಕಡಿಮೆ, ಬಲ ಹೆಚ್ಚು. ಓಣಿಯ ಮುದುಕಿಯೊಬ್ಬಳು ಕಟ್ಟೆಯ ಮೇಲೆ ಕೂತು ನೋಡಿ, "ಕಲ್ತವರ ಹಣೇಬಾರ, ಕಾರಿನ ಕಿವಿ ಹಿಂಡಾಕತ್ತಾನ" ಎಂದಳು.

ಒಂದನೇ ಗೇರಿಗೆ ಹದಿನಾಲ್ಕು ಸುತ್ತು. ಹಿಂದಕ್ಕೆ ಹೋಗುವ ಗೇರಿಗೆ ಹತ್ತೊಂಬತ್ತು.

ವಕೀಲರಿಗೆ ಹೇಳಿದೆ: "ಸಾಹೇಬ್ರ, ಹೊಸಾ ಡಬ್ಬಿ ಬ್ಯಾಡ. ಈ ಕಾರಿನಾಗ ಎಲ್ಲಕ್ಕಿಂತ ಗಟ್ಟಿ ಗೇರ್ ರಿವರ್ಸು. ದಿಬ್ಬದ ಬುಡದಾಗ ಕಾರು ತಿರುಗಿಸ್ರಿ. ಹಿಮ್ಮುಖ ಹತ್ರಿ. ಹತ್ತತದ."

ವಕೀಲರು ಎದ್ದು ಕಾರಿನ ಹಿಂದಿನ ದೀಪವನ್ನೊಮ್ಮೆ ನೋಡಿ ಬಂದರು.

"ಅಂದ್ರ ಬೀಗರ ಮನೀಗೆ ನಾ ಬೆನ್ನು ಮುಂದ ಮಾಡಿ ಹೋಗಬೇಕೇನು?"

"ಅವ್ರು ನೂಕಬಾರದು ಅಂದಾರ. ಮಾರಿ ಯಾಕಡಿ ಇರಬೇಕು ಅಂತ ಹೇಳಿಲ್ಲ."

ವಕೀಲರ ಮುಖ ಅರಳಿತು. "ಖರೇ. ಷರತ್ತಿನಾಗ ಅದು ಇಲ್ಲ," ಎಂದರು. ಸೈನ್ಸು ಅವರಿಗೆ ಹಿಡಿಸಿದ್ದು ಆ ಕ್ಷಣದಲ್ಲೇ.

೬. ನಿಶ್ಚಯದ ಸೋಮವಾರ

ಸೋಮವಾರ ವಕೀಲರು ರುಮಾಲು ಸುತ್ತಿಕೊಂಡು ಕೂತರು. ಪಕ್ಕದಲ್ಲಿ ನಾನು. ಅವರ ಕಡೆಯ ಹಿರಿಯರು ಮುಂಜಾನೆಯ ಬಸ್ಸಿನಲ್ಲೇ ಹೋಗಿದ್ದರು. ದಿಬ್ಬದ ಬುಡದಲ್ಲಿ ಕಾರು ತಿರುಗಿಸಿದೆವು. ವಕೀಲರು ಕುತ್ತಿಗೆ ಹೊರಳಿಸಿ, ರಿವರ್ಸ್ ಹಾಕಿದರು. ಕಾರು ಕಿರುಚುತ್ತ, ಆಡಿನಂತೆ ಒಂದೇ ಸಮ ಹತ್ತಿತು. ಯಾರೂ ನೂಕಲಿಲ್ಲ. ಹೆಣ್ಣಿನ ಮನೆಯ ಅಂಗಳಕ್ಕೆ ಬಂದು ನಿಂತಿತು. ಬಾಗಿಲ ಕಡೆ ಹಿಂದಿನ ದೀಪ, ಊರ ಕಡೆ ವಕೀಲರ ಮುಖ.

ಅಂಗಳದಲ್ಲಿದ್ದವರು ಕಾರಿನ ಎರಡೂ ತುದಿ ನೋಡಿದರು. ಒಬ್ಬ ಮುದುಕ ಮೆಲ್ಲಗೆ ಕೇಳಿದ: "ಬೀಗರು ಬರಾಕತ್ತಾರೋ, ಹೋಗಾಕತ್ತಾರೋ?"

ಹೆಣ್ಣಿನ ತಂದೆ ಮಾತಿಗೆ ತಪ್ಪುವವರಲ್ಲ. "ತಾನಾಗೇ ಬಂದದ. ಮಾತು ಅಂದ್ರ ಮಾತು. ಆರತಿ ತರ್ರಿ," ಎಂದರು.

ಆರತಿ ಬಂತು. ಅದರ ಜೊತೆ ಹುಡುಗಿಯ ಸೋದರತ್ತೆಯೂ ಬಂದರು. ಆ ಮನೆಯ ಪದ್ಧತಿಯಲ್ಲಿ, ನಿಶ್ಚಯಕ್ಕೆ ಬಂದ ಗಂಡು ಆರತಿ ಆಗುವ ತನಕ ವಾಹನದಿಂದ ಇಳಿದು ನೆಲಕ್ಕೆ ಕಾಲಿಡುವಂತಿಲ್ಲ. ಆರತಿ ಆಗುವಾಗ ಗಂಡೂ ವಾಹನವೂ ಮನೆಗೆ ಮುಖ ಮಾಡಿರಬೇಕು.

"ಇಳೀಬ್ಯಾಡ್ರಿ!" ಎಂದರು ಅತ್ತೆ. ವಕೀಲರು ಎತ್ತಿದ ಕಾಲನ್ನು ಒಳಗೆ ಎಳೆದುಕೊಂಡರು. ಸೀಟಿನ ಮೇಲೆಯೇ ತಿರುಗಿ ಕೂಡಲು ನೋಡಿದರು. ಹೊಟ್ಟೆಗೂ ಸ್ಟಿಯರಿಂಗಿಗೂ ಜಗಳವಾಯಿತು.

"ಬ್ಯಾಡ ಬ್ಯಾಡ. ನೀವೊಬ್ರು ತಿರುಗಿದ್ರ ಆಗಂಗಿಲ್ಲ, ಗಾಡೀನೂ ತಿರುಗಬೇಕು."

ನಾನು ಸಮಾಧಾನ ಹೇಳಿದೆ: "ಹೋಗುವಾಗ ಸೀದಾ ಇಳೀತದರೀ, ಚಿಂತಿ ಮಾಡಬ್ಯಾಡ್ರಿ."

ಅತ್ತೆ ನನ್ನ ಕಡೆ ತಿರುಗಿದರು. "ಅಂದ್ರ ಬರುವಾಗೂ ಬೆನ್ನು, ಹೋಗುವಾಗೂ ಬೆನ್ನು! ಈ ಕಾರಿಗೆ ಮಾರಿ ಅಂಬೋದು ಅದನೋ ಇಲ್ಲೋ? ಇದು ಯಾರ ಶಾಣ್ಯಾತನ?"

ವಕೀಲರು ಬೆರಳು ಮಾಡಿ ನನ್ನನ್ನು ತೋರಿಸಿದರು. "ಬಿ.ಎಸ್ಸಿ. ಆಗ್ಯಾನ್ರಿ," ಎಂದರು.

ಅಂಗಳ ಚಿಕ್ಕದು. ಓಡಿಸಿ ತಿರುಗಿಸಲು ಜಾಗವಿಲ್ಲ. ಕೆಳಗಿಳಿದು ಮುಂದಾಗಿ ಬರೋಣವೆಂದರೆ ಕಾರು ಹತ್ತುವುದಿಲ್ಲ. ಮುಹೂರ್ತ ಜಾರುತ್ತಿತ್ತು. ಆಗ ಒಳಗಿನಿಂದ ಹುಡುಗಿ ಬಂದು ಹೊಸ್ತಿಲ ಮೇಲೆ ನಿಂತಳು. ಕಾರು ನೋಡಿದಳು, ವಕೀಲರ ಕುತ್ತಿಗೆ ನೋಡಿದಳು.

"ಅಪ್ಪಾ, ನೂಕಬಾರದು ಅಂದಿದ್ದಿ. ಎತ್ತಬಾರದು ಅಂದಿದ್ದೇನು?"

ತಂದೆ ಯೋಚಿಸಿದರು. "ಅಂದಿದ್ದಿಲ್ಲ," ಎಂದರು.

ಎರಡೂ ಕಡೆಯ ಹಿರಿಯರು, ತೋಟದ ಆಳುಗಳು, ಆರತಿ ನೋಡಲು ಬಂದಿದ್ದ ನೆರೆಯವರು ಸುತ್ತುವರಿದರು. ಒಂದು ಮೂಲೆಗೆ ಕೈ ಸಾಲಲಿಲ್ಲ. ಹುಡುಗಿ ಸೆರಗು ಸಿಕ್ಕಿಸಿ ಅಲ್ಲಿ ಹಿಡಿದಳು. ವಕೀಲರು ಇಳಿಯುವಂತಿರಲಿಲ್ಲವಾದ್ದರಿಂದ ಒಳಗೇ ಕೂತು, "ಸಾವಕಾಶ, ಬಣ್ಣ ಹೋದೀತು" ಎನ್ನುತ್ತಿದ್ದರು. ಕಾರು ನೆಲ ಬಿಟ್ಟು ಮೇಲೆದ್ದಿತು, ಅರ್ಧ ಸುತ್ತು ತಿರುಗಿತು, ಮನೆಗೆ ಮುಖ ಮಾಡಿ ಕೂತಿತು. ಆರತಿ ಆಯಿತು. ಸಕ್ಕರೆ ಹಂಚಿದರು. ಗೇರ್ ಬಾಕ್ಸ್ ಹಳೆಯದೇ ಉಳಿಯಿತು.

ನಾನು ಇಳಿದು ಬದಿಗೆ ನಿಂತು ಎಣಿಸಿದ್ದೆ. ಕಾರು ಎತ್ತಿದವರು ಗಂಡಸರು ಹದಿನಾಲ್ಕು ಮಂದಿ, ಮದುಮಗಳು ಒಬ್ಬಳು. ಒಟ್ಟು ಹದಿನೈದು. ನಾಲ್ಕನೇ ಗೇರಿನ ಬಲ ಎಂದು ಬರೆದುಕೊಂಡೆ.