ಸಮುದ್ರದ ತಳ ರುಚಿ ನೋಡುವ ಭಾವ

ನಮ್ಮ ಭಾವ ಮಣ್ಣು ತಿನ್ನುತ್ತಿದ್ದರು. ಹಾಗಂತ ಮನೆಯಲ್ಲಿ ಊಟಕ್ಕೇನೂ ಕೊರತೆ ಇರಲಿಲ್ಲ ಸ್ವಾಮಿ! ನಮ್ಮಕ್ಕ ಮಾಡುವ ಹುಳಿಗೆ ಇಡೀ ಪೆರಂಬೂರಿನಲ್ಲಿ ಸಾಟಿಯಿರಲಿಲ್ಲ. ಆದರೂ ಆಕೆಯ ಗಂಡನಿಗೆ ಬಂದರಿನ ಕೆಸರನ್ನು ಹಲ್ಲಿಗೆ ತಾಗಿಸದೆ ದಿನ ಕಳೆಯುತ್ತಿರಲಿಲ್ಲ.

ಅವರ ಕೆಲಸವೇ ಅಂಥದ್ದು. ಅಲೆ ತಡೆಯುವ ಗೋಡೆಗಳ ಒಳಗೆ, ಬಂದರಿನ ತಣ್ಣನೆ ನಿಂತ ನೀರಿನಲ್ಲಿ ಸರ್ವೆ ದೋಣಿ ಓಡಿಸಿಕೊಂಡು ತಳದ ನಕ್ಷೆ ಬರೆಯುವುದು. ನೀರು ಎಷ್ಟು ಆಳ ಅಂತ ಯಂತ್ರ ಹೇಳುತ್ತದೆ. ತಳದಲ್ಲಿ ಇರುವುದೇನು ಅಂತ ಹೇಳುವವರು ಯಾರು? ಭಾವನ ಮುಂಬಲ್ಲು! ಮೇಲೆತ್ತಿದ ಕೆಸರನ್ನು ಚಿಟಿಕೆಯಷ್ಟು ಕಡಿಯುತ್ತಿದ್ದರು. ಕರಕರ ಎಂದರೆ ಹೂಳು, ಬೆಣ್ಣೆಯ ಹಾಗೆ ಜಾರಿದರೆ ಜೇಡಿ. ಆಮೇಲೆ ಉಗುಳಿ, ಬಾಯಿ ಮುಕ್ಕಳಿಸಿ, "ಲ್ಯಾಬಿನವರು ಹದಿನೈದು ದಿನ ತಗೊಂಡು ಇದನ್ನೇ ಹೇಳ್ತಾರೆ ಕಣೋ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಮಣಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಬಂದು ಅಕ್ಕನ ಮನೆಯಲ್ಲೇ ಠಿಕಾಣಿ ಹೂಡಿದೆ. ಮೊದಲ ವಾರವೇ ಫ್ರಿಜ್ಜಿನ ಬಾಟಲಿಯಲ್ಲಿದ್ದ ಕಪ್ಪನೆ ಪುಳಿಯೋಗರೆ ಗೊಜ್ಜನ್ನು ಬಿಸಿ ಅನ್ನಕ್ಕೆ ಕಲಸಿ ಬಾಯಿಗಿಟ್ಟೆ. ಭಾವ ಓಡಿ ಬಂದರು.

"ಉಗಿಯೋ! ಅದು ಎಣ್ಣೆ ಹಡಗು ನಿಲ್ಲೋ ಜಾಗದ್ದು!"

ನಾನು ಬಚ್ಚಲಿಗೆ ಓಡುತ್ತಿದ್ದರೆ ಹಿಂದಿನಿಂದ ಕೂಗಿದರು: "ಹಾಗೇ ಹೇಳಿಬಿಡು, ಕರಕರ ಅಂತಾ?"

ಭಾನುವಾರವಂತೂ ಹಾಲಿನ ತುಂಬ ನಕ್ಷೆ. ನೀರು ಕುಡಿಯಲು ಹೊರಟರೆ, "ಅಲ್ಲಿ ಕಾಲಿಡಬೇಡ, ಹದಿನೈದು ಮೀಟರ್ ಆಳ ಇದೆ!"

"ಮತ್ತೆ ನಾನು ತಟ್ಟೆ ಎಲ್ಲಿ ಹಾಕ್ಲಿ?" ಅಕ್ಕ ಸೌಟು ಹಿಡಿದು ಕೇಳುತ್ತಿದ್ದಳು.

"ದಡದ ಕಡೆ ಹಾಕು. ಅಲ್ಲಿ ಬರೀ ಮರಳು."

ಮನೆಯೊಳಗೆ ಬಿದ್ದು ಬಿದ್ದು ನಗುತ್ತಿದ್ದೆ. ನಾಲ್ಕು ಜನರ ಎದುರಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನ್ನಿಸುತ್ತಿತ್ತು. ನಾನು ದೊಡ್ಡ ಮನುಷ್ಯ ನೋಡಿ, ಟೈ ಕಟ್ಟುವವನು!

ಮುಂದೆ ಬರೆಯುವುದಕ್ಕೆ ಈಗಲೂ ಮುಖ ಬಿಸಿಯಾಗುತ್ತದೆ. ಮೇ ತಿಂಗಳಲ್ಲಿ ಒಂದು ಭಾನುವಾರ, ನಾನು ನೋಡಿ ಬಂದಿದ್ದ ಹುಡುಗಿಯ ತಂದೆ ತಾಯಿ ಕೋಡಂಬಾಕ್ಕಂನಿಂದ ನನ್ನನ್ನೂ ಮನೆಯನ್ನೂ ನೋಡಲು ಬರುವವರಿದ್ದರು. ಹುಡುಗಿ ನನ್ನ ಮನಸ್ಸಿಗೆ ಹಿಡಿಸಿಬಿಟ್ಟಿದ್ದಳು, ಈ ಸಂಬಂಧ ಕೈ ತಪ್ಪಬಾರದು ಅಂತ ಜೀವ ಹೊಡೆದುಕೊಳ್ಳುತ್ತಿತ್ತು. ಅವರು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಬಂದರು. ಆಗ ತಾನೇ ದೋಣಿಯಿಂದ ಬಂದ ಭಾವ ಬನಿಯನ್, ಲುಂಗಿಯಲ್ಲಿ ಜಗಲಿಯ ಮೇಲೆ ಕೂತು, ಗಡ್ಡಕ್ಕೆಲ್ಲ ಮೆತ್ತಿಕೊಂಡು ಕೆಸರು ಕಡಿಯುತ್ತಿದ್ದರು.

"ಯಾರಪ್ಪಾ ಅವರು? ಮಣ್ಣಾ ತಿಂತಿರೋದು? ಅಯ್ಯೋ ಪಾವಂ!" ಅಂದರು ಹುಡುಗಿಯ ತಂದೆ.

"ಮಹಡಿ ಮೇಲೆ ಬಾಡಿಗೆಗಿದಾರೆ ಸಾರ್. ಸ್ವಲ್ಪ ಹಾಗೇ," ಅಂದೆ. "ನಮ್ಮ ಭಾವ ಡ್ಯೂಟಿಗೆ ಹೋಗಿದಾರೆ."

ಭಾವ ತಲೆ ಎತ್ತಿ ನನ್ನನ್ನು ನೋಡಿದರು. ಬಂದವರಿಗೆ ಕೈ ಮುಗಿದು, "ವರೇನ್ ಸಾರ್" ಅಂತ ಯಾರೋ ಬಾಡಿಗೆಯವರ ಹಾಗೆ ತಮಿಳಿನಲ್ಲಿ ಬೀಳ್ಕೊಂಡು, ಹೊರಗಿನ ಮೆಟ್ಟಿಲು ಹತ್ತಿ ಹೋದರು. ಮಹಡಿಯೆಲ್ಲಿತ್ತು? ಮೇಲೆ ಇದ್ದದ್ದು ಬರೀ ತಾರಸಿ, ಒಂದು ನೀರಿನ ಟ್ಯಾಂಕು!

ಎರಡು ಗಂಟೆ ಮಾತುಕತೆ ನಡೆಯಿತು. ಕೇಸರಿಬಾತ್ ಬಡಿಸಲು ಬಂದ ಅಕ್ಕ, ಭಾವ ಡ್ಯೂಟಿಯಲ್ಲಿದ್ದಾರೆ ಅಂತ ನಾನು ಮತ್ತೊಮ್ಮೆ ಹೇಳಿದ್ದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಒಳಗೆ ಹೋದಳು. ಹೊರಡುವಾಗ ಹುಡುಗಿಯ ತಂದೆ ನನ್ನ ಬೆನ್ನು ತಟ್ಟಿ, "ನಮಗೆ ಒಪ್ಪಿಗೆ" ಅಂದರು.

ಗೇಟು ಮುಚ್ಚಿ ಮೇಲೆ ಓಡಿದೆ. ಕಾಲಿಟ್ಟರೆ ತಾರಸಿ ಸುಡುತ್ತಿತ್ತು. ಭಾವ ಟ್ಯಾಂಕಿನ ಗೇಣುದ್ದದ ನೆರಳಿನಲ್ಲಿ ಮಂಡಿ ಮಡಚಿ ಕೂತಿದ್ದರು. ತುಟಿಯ ಕೆಸರು ಒಣಗಿ ಬಿರಿದಿತ್ತು.

"ಒಪ್ಪಿದ್ರಾ?" ಅಂದರು.

"ಹೂಂ."

"ಸದ್ಯ! ಕೆಮ್ಮು ಬಂದ್ರೂ ತಡ್ಕೊಂಡೆ ಕಣೋ, ಕೆಳಗೆ ಕೇಳಿಸೀತು ಅಂತ. ಈಗ ಇಳೀಬಹುದಾ?"

ಅವರು ಕಟ್ಟಿಸಿದ ಮನೆ ಅದು. ಅದರೊಳಗೆ ಬರಲು ಅವರು ನನ್ನನ್ನು ಕೇಳಿದರು. ಥೂ ನನ್ನ ಜನ್ಮಕ್ಕೆ!

ಬರಿಗಾಲಿನಲ್ಲೇ ಬಸ್‌ಸ್ಟಾಪಿಗೆ ಓಡಿದೆ. ಇಬ್ಬರೂ ಇನ್ನೂ ನಿಂತಿದ್ದರು.

"ಸಾರ್, ಮಣ್ಣು ತಿಂತಿದ್ರಲ್ಲ, ಅವರೇ ನಮ್ಮ ಭಾವ," ಅಂದೆ ಏದುಸಿರು ಬಿಡುತ್ತ. "ಮನೆ ಅವರದು. ಬಾಡಿಗೇನೂ ಕೊಡದೆ ಇರೋನು ನಾನು."